ಅಪ್ಪ ಹಾಕಿದ ಗಂಟು ಬಿಚ್ಚಕ್ಕೆ ಮಗಳು ಬಂದ್ಲು: ಲಂಕಾದ ಬಂಡಾರನಾಯಕೆ ಮನೆತನದ ಕಥೆ

ಶ್ರೀಲಂಕಾದಲ್ಲಿ ಫ್ಯಾಮಿಲಿ ರಾಜಕೀಯ ಅಂದ್ರೆ ಈಗ ಎಲ್ರ ಬಾಯಲ್ಲೂ ರಾಜಪಕ್ಸ ಹೆಸರೇ. 2022ರಲ್ಲಿ ಜನ ಪ್ರೆಸಿಡೆಂಟ್ ಮನೆಗೆ ನುಗ್ಗಿ ಅಲ್ಲಿನ ಸ್ವಿಮ್ಮಿಂಗ್ ಪೂಲಲ್ಲಿ ಈಜಾಡಿದ ವಿಡಿಯೋ ನೋಡದೇ ಇರೋರು ಕಮ್ಮಿ. ಆದ್ರೆ ಅವರಿಗಿಂತ ಮುಂಚೆ ಇನ್ನೊಂದು ಮನೆತನ ಇತ್ತು, ಅದರಲ್ಲಿ ಅಪ್ಪ, ಅಮ್ಮ, ಮಗಳು ಮೂರೂ ಜನ ಪ್ರಧಾನಿಗಳಾದ್ರು, ಮಗಳಂತೂ ಆಮೇಲೆ ಹನ್ನೊಂದು ವರ್ಷ ಪ್ರೆಸಿಡೆಂಟ್ ಆಗಿದ್ರು. ಕೊಲಂಬೊಗೆ ವಿಮಾನದಲ್ಲಿ ಹೋದ್ರೆ ಇಳಿಯೋದೇ ಬಂಡಾರನಾಯಕೆ ಹೆಸರಿನ ಏರ್‌ಪೋರ್ಟಲ್ಲಿ. ನಮಗೆ ಈ ಹೆಸರು ಗೊತ್ತಿರೋದು ಹೆಚ್ಚಾಗಿ ಕ್ವಿಜ್‌ನಿಂದ, ಜಗತ್ತಿನ ಮೊದಲ ಮಹಿಳಾ ಪ್ರಧಾನಿ ಯಾರು ಅಂದ್ರೆ ಸಿರಿಮಾವೋ ಬಂಡಾರನಾಯಕೆ ಅಂತ ಹೇಳಿ ಒಂದು ಮಾರ್ಕ್ ತಗೊಂಡು ಮುಂದೆ ಹೋಗಿರ್ತೀವಿ.

ಇವರನ್ನ ಬರೀ ವಂಶಾಡಳಿತ ಅಂತ ಬಯ್ದು ಬಿಡಬಹುದು, ತಪ್ಪೇನಿಲ್ಲ. ಆದ್ರೆ ನನಗೆ ಈ ಮನೆತನದಲ್ಲಿ ಅದಕ್ಕಿಂತ ಕುತೂಹಲದ ವಿಷಯ ಬೇರೆ ಇದೆ. ಆ ದೇಶವನ್ನ ಇಪ್ಪತ್ತಾರು ವರ್ಷ ಸುಟ್ಟ ಸಿಂಹಳ-ತಮಿಳು ಜಗಳಕ್ಕೆ ದೊಡ್ಡ ತಿರುವು ಕೊಟ್ಟಿದ್ದು ಅಪ್ಪ, ಅದನ್ನ ಬಿಗಿ ಮಾಡಿದ್ದು ಅಮ್ಮ, ಸುಮಾರು ನಲವತ್ತು ವರ್ಷ ಆದ್ಮೇಲೆ ಅದನ್ನ ಬಿಚ್ಚಕ್ಕೆ ಹೋಗಿ ಕೈ ಸುಟ್ಕೊಂಡಿದ್ದು ಮಗಳು. ಮೂರೂ ಒಂದೇ ಮನೆ, ಒಂದೇ ಪಾರ್ಟಿ.

ಕೊಲಂಬೊದಿಂದ ಕ್ಯಾಂಡಿಗೆ ಹೋಗೋ ರೋಡಲ್ಲಿ ಹೊರಗೊಲ್ಲ ಅಂತ ಊರು, ಅಲ್ಲಿ ಇವರ ದೊಡ್ಡ ಬಂಗಲೆ. ಯಜಮಾನರು ಸರ್ ಸೊಲೊಮನ್ ಡಯಾಸ್ ಬಂಡಾರನಾಯಕೆ, ಮಹಾ ಮುದಲಿಯಾರ್ ಅನ್ನೋ ಪದವಿ, ಅಂದ್ರೆ ಬ್ರಿಟಿಷ್ ಗವರ್ನರ್‌ಗೆ ದೇಸಿ ವಿಷಯಗಳಲ್ಲಿ ಸಲಹೆ ಕೊಡೋ ಅತಿ ದೊಡ್ಡ ಸ್ಥಳೀಯ ಅಧಿಕಾರಿ. ಆಂಗ್ಲಿಕನ್ ಕ್ರಿಶ್ಚಿಯನ್ ಮನೆ, ಮನೆಯಲ್ಲಿ ಆಡೋ ಭಾಷೆ ಇಂಗ್ಲಿಷು. 1899ರಲ್ಲಿ ಮಗ ಹುಟ್ಟಿದಾಗ ಆಗಿನ ಗವರ್ನರ್ ವೆಸ್ಟ್ ರಿಡ್ಜ್‌ವೇ ಹೆಸರನ್ನೇ ಸೇರಿಸಿ ಸೊಲೊಮನ್ ವೆಸ್ಟ್ ರಿಡ್ಜ್‌ವೇ ಡಯಾಸ್ ಬಂಡಾರನಾಯಕೆ ಅಂತ ಇಟ್ರು. ಮಗ ಆಕ್ಸ್‌ಫರ್ಡಲ್ಲಿ ಓದಿ, ಅಲ್ಲಿನ ಡಿಬೇಟಲ್ಲಿ ಮಿಂಚಿ, ಬ್ಯಾರಿಸ್ಟರ್ ಆಗಿ 1925ರಲ್ಲಿ ವಾಪಸ್ ಬಂದಾಗ ಸಿಂಹಳದಲ್ಲಿ ನೆಟ್ಟಗೆ ಒಂದು ಭಾಷಣ ಮಾಡಕ್ಕೂ ಬರ್ತಿರಲಿಲ್ಲ. ಮುಂದೆ ಸಿಂಹಳ ಒಂದೇ ಆಡಳಿತ ಭಾಷೆ ಅಂತ ಕಾನೂನು ಮಾಡಿದ್ದು ಇದೇ ಮನುಷ್ಯ! ಇನ್ನೂ ಒಂದಿದೆ, 1926ರಲ್ಲಿ ಇವರೇ ಪತ್ರಿಕೆಯಲ್ಲಿ ಸಾಲಾಗಿ ಲೇಖನ ಬರೆದು ಸಿಲೋನ್‌ಗೆ (ಲಂಕಾದ ಆಗಿನ ಹೆಸರು) ಪ್ರಾಂತ್ಯಗಳಿಗೆ ಅಧಿಕಾರ ಹಂಚೋ ಫೆಡರಲ್ ವ್ಯವಸ್ಥೆಯೇ ಸರಿ ಅಂದಿದ್ರು, ಉತ್ತರದ ತಮಿಳರ ಊರು ಜಾಫ್ನಾಗೂ ಹೋಗಿ ಅದೇ ಮಾತಾಡಿದ್ರು. ಆಗ ತಮಿಳರೇ ಅದನ್ನ ಅಷ್ಟು ತಲೆಗೆ ಹಾಕ್ಕೊಳ್ಳಲಿಲ್ಲ.

ಹಾಗಾದ್ರೆ ಮನುಷ್ಯ ಬದಲಾಗಿದ್ದು ಯಾಕೆ? ಉತ್ತರ ವೋಟಲ್ಲಿದೆ. 1931ರಲ್ಲೇ ಬ್ರಿಟಿಷರು ಸಿಲೋನ್‌ಗೆ ವಯಸ್ಕ ಮತದಾನ ಕೊಟ್ರು, ಗಂಡಸು ಹೆಂಗಸು ಅನ್ನದೆ ಎಲ್ರಿಗೂ, ನಮಗೆ ಅದು ಸಿಕ್ಕಿದ್ದು ಸ್ವಾತಂತ್ರ್ಯ ಬಂದ್ಮೇಲೆ. ಅಂದ್ರೆ ಬಂಗಲೆಯಲ್ಲಿ ಕೂತು ರಾಜಕೀಯ ಮಾಡೋ ಕಾಲ ಮುಗೀತು, ಹಳ್ಳಿಗೆ ಹೋಗ್ಬೇಕು, ಹಳ್ಳಿಯಲ್ಲಿ ಇರೋರು ಹೆಚ್ಚಿನವರು ಸಿಂಹಳ ಮಾತಾಡೋ ಬೌದ್ಧರು. ಬಂಡಾರನಾಯಕೆ ಬೌದ್ಧ ಧರ್ಮಕ್ಕೆ ಬಂದ್ರು, ಸೂಟ್ ಬಿಟ್ಟು ಬಿಳಿ ಬಟ್ಟೆ ಹಾಕ್ಕೊಂಡ್ರು, ಸಿಂಹಳ ಮಹಾಸಭಾ ಕಟ್ಟಿದ್ರು, 1940ರಲ್ಲಿ ಬಲಂಗೊಡದ ರತ್ವತ್ತೆ ಅನ್ನೋ ಕ್ಯಾಂಡಿ ಕಡೆಯ ಹಳೇ ಕುಲೀನ ಬೌದ್ಧ ಮನೆತನದ ಸಿರಿಮಾ (ಇವರೇ ಸಿರಿಮಾವೋ) ಅವರನ್ನ ಮದ್ವೆ ಆದ್ರು. ಕರಾವಳಿ ಕಡೆಯ ಇಂಗ್ಲಿಷ್ ಮನೆತನಕ್ಕೆ ಗುಡ್ಡದ ಮೇಲಿನ ಸಿಂಹಳ ಮನೆತನ ಸೇರಿತು. ಬರೀ ಅವಕಾಶವಾದ ಅಂತ ಹೇಳಕ್ಕೆ ನನಗೆ ಮನಸಿಲ್ಲ, ಸ್ವಲ್ಪ ನಂಬಿಕೆ ಸ್ವಲ್ಪ ಲೆಕ್ಕಾಚಾರ ಎರಡೂ ಇತ್ತು ಅಂತ ಕಾಣ್ಸುತ್ತೆ.

1948ರಲ್ಲಿ ಸ್ವಾತಂತ್ರ್ಯ ಬಂದಾಗ ಪ್ರಧಾನಿ ಡಿ. ಎಸ್. ಸೇನಾನಾಯಕೆ, ಪಾರ್ಟಿ ಯುಎನ್‌ಪಿ, ಅಂದ್ರೆ ಯುನೈಟೆಡ್ ನ್ಯಾಷನಲ್ ಪಾರ್ಟಿ, ಬಂಡಾರನಾಯಕೆ ಅದರಲ್ಲೇ ಮಂತ್ರಿ. ಸೀನಿಯಾರಿಟಿ ನೋಡಿದ್ರೆ ಮುಂದಿನ ಪ್ರಧಾನಿ ತಾನೇ ಆಗ್ಬೇಕು ಅಂತ ಅವರ ಆಸೆ. ಆದ್ರೆ ಸೇನಾನಾಯಕೆ ಮಗ ಡಡ್ಲಿಯನ್ನ ತಯಾರು ಮಾಡ್ತಿದ್ರು, ಆ ಪಾರ್ಟಿಯಲ್ಲಿ ನೆಂಟರೇ ತುಂಬಿದ್ದಕ್ಕೆ ಜನ ಯುಎನ್‌ಪಿಗೆ ‘ಅಂಕಲ್ ನೆಫ್ಯೂ ಪಾರ್ಟಿ’ ಅಂತ ಅಡ್ಡಹೆಸರು ಇಟ್ಟಿದ್ರು. ಅಂದ್ರೆ ಬಂಡಾರನಾಯಕೆ ಹೊರಗೆ ಬಂದಿದ್ದೇ ಇನ್ನೊಂದು ವಂಶಾಡಳಿತದಲ್ಲಿ ತನಗೆ ಜಾಗ ಇಲ್ಲ ಅಂತ! 1951ರ ಜುಲೈಯಲ್ಲಿ ಅವರು ಪಾರ್ಲಿಮೆಂಟಲ್ಲಿ ಎದ್ದು ವಿರೋಧ ಪಕ್ಷದ ಕಡೆಗೆ ನಡೆದಾಗ ಜೊತೆಯಲ್ಲಿ ಹೋದೋರಲ್ಲಿ ದಕ್ಷಿಣದ ಹಂಬನ್‌ತೊಟ ಕಡೆಯ ಡಿ. ಎ. ರಾಜಪಕ್ಸ ಒಬ್ಬರು, ಮುಂದೆ ಪ್ರೆಸಿಡೆಂಟ್‌ಗಳಾದ ಮಹಿಂದ ಮತ್ತು ಗೋಟಬಯ ಅವರ ಅಪ್ಪ. ಆ ಹೆಸರು ನೆನಪಲ್ಲಿ ಇಟ್ಕೊಳ್ಳಿ. ಸೆಪ್ಟೆಂಬರಲ್ಲಿ ಶ್ರೀಲಂಕಾ ಫ್ರೀಡಂ ಪಾರ್ಟಿ, ಎಸ್‌ಎಲ್‌ಎಫ್‌ಪಿ ಹುಟ್ಟಿತು. 1952ರ ಚುನಾವಣೆಯಲ್ಲಿ ಸಿಕ್ಕಿದ್ದು ಬರೀ 9 ಸೀಟು.

1956ಕ್ಕೆ ಬರೋ ಹೊತ್ತಿಗೆ ಗಾಳಿ ತಿರುಗಿತ್ತು. ಇಲ್ಲಿ ಸ್ವಲ್ಪ ನಿಂತು ಅರ್ಥ ಮಾಡ್ಕೋಬೇಕು. ಸ್ವಾತಂತ್ರ್ಯ ಬಂದು ಎಂಟು ವರ್ಷ ಆದ್ರೂ ಆಫೀಸು, ಕೋರ್ಟು ಎಲ್ಲಾ ಇಂಗ್ಲಿಷಲ್ಲೇ, ಇಂಗ್ಲಿಷ್ ಬರ್ತಿದ್ದಿದ್ದು ತುಂಬಾ ಚಿಕ್ಕ ಗುಂಪಿಗೆ. ಹಳ್ಳಿಯಲ್ಲಿ ಸಿಂಹಳ ಮೀಡಿಯಮಲ್ಲಿ ಓದಿದ ಹುಡುಗನಿಗೆ ಸರ್ಕಾರಿ ಕೆಲಸದ ಬಾಗಿಲೇ ಮುಚ್ಚಿತ್ತು. ಇನ್ನೊಂದು ಕಡೆ ಜಾಫ್ನಾದಲ್ಲಿ ಅಮೆರಿಕನ್ ಮಿಷನರಿಗಳು ಬಹಳ ಹಿಂದೆಯೇ ಇಂಗ್ಲಿಷ್ ಸ್ಕೂಲು ತೆಗೆದಿದ್ರು, ಅಲ್ಲಿ ಬೇಸಾಯಕ್ಕೆ ನೆಲವೂ ಅಷ್ಟಕ್ಕಷ್ಟೇ, ಹಾಗಾಗಿ ತಮಿಳರು ಓದಿ ಸರ್ಕಾರಿ ಕೆಲಸಕ್ಕೆ ಸೇರಿದ್ರು, ಜನಸಂಖ್ಯೆಗೆ ಹೋಲಿಸಿದ್ರೆ ಜಾಸ್ತಿಯೇ ಇದ್ರು. ತಾಯ್ನುಡಿಯಲ್ಲಿ ಓದಿದೋರಿಗೆ ಕೆಲಸ ಬೇಕು ಅನ್ನೋ ಸಿಟ್ಟು ಕನ್ನಡದೋರಿಗೆ ಅರ್ಥ ಆಗದ ವಿಷಯ ಏನಲ್ಲ. ಮೊದಮೊದಲು ಅಲ್ಲಿ ಕೂಗು ಇದ್ದಿದ್ದೂ ಇಂಗ್ಲಿಷ್ ತೆಗೆದು ಸಿಂಹಳ ಮತ್ತು ತಮಿಳು ಎರಡನ್ನೂ ತನ್ನಿ ಅಂತಲೇ. ಆಮೇಲೆ ಅದು ‘ಸಿಂಹಳ ಒಂದೇ’ ಅಂತಾಯ್ತು, ಬಂಡಾರನಾಯಕೆ ಇಪ್ಪತ್ನಾಲ್ಕು ಗಂಟೆಯಲ್ಲಿ ಮಾಡಿ ಕೊಡ್ತೀನಿ ಅಂದ್ರು. ಭಿಕ್ಷುಗಳು, ಆಯುರ್ವೇದ ವೈದ್ಯರು, ಮೇಷ್ಟ್ರುಗಳು, ರೈತರು, ಕಾರ್ಮಿಕರು ಹೀಗೆ ಐದು ಮಹಾಶಕ್ತಿ ಅಂತ ಗುಂಪು ಕಟ್ಟಿ ಊರೂರಿಗೆ ಹೋದ್ರು, ಅದೇ ವರ್ಷ ಬುದ್ಧನ 2500ನೇ ಜಯಂತಿ ಬೇರೆ. ಅವರ ಮೈತ್ರಿಕೂಟ 95ರಲ್ಲಿ 51 ಸೀಟು ಗೆದ್ದಿತು, ಯುಎನ್‌ಪಿ ನೆಲಕ್ಕೆ ಬಿತ್ತು.

ಜೂನಲ್ಲಿ ಕಾನೂನು ಪಾಸಾಯ್ತು. ಅದರ ವಿರುದ್ಧ ಪಾರ್ಲಿಮೆಂಟ್ ಹತ್ರ ಗಾಲ್ ಫೇಸ್ ಮೈದಾನದಲ್ಲಿ ಸತ್ಯಾಗ್ರಹಕ್ಕೆ ಕೂತ ತಮಿಳು ನಾಯಕರನ್ನ ಗುಂಪು ಬಂದು ಹೊಡೀತು. ಎಡಪಂಥದ ಕಾಲ್ವಿನ್ ಡಿ ಸಿಲ್ವಾ ಸಭೆಯಲ್ಲಿ ಆಗಲೇ ಎಚ್ಚರಿಸಿದ್ರು, ಭಾಷೆ ಎರಡು ಇಟ್ರೆ ದೇಶ ಒಂದಾಗಿ ಇರುತ್ತೆ, ಒಂದೇ ಇಟ್ರೆ ದೇಶ ಎರಡಾಗುತ್ತೆ ಅಂತ. ಬಂಡಾರನಾಯಕೆಗೂ ಇದು ಗೊತ್ತಿರಲಿಲ್ಲ ಅಂತಲ್ಲ. 1957ರ ಜುಲೈಯಲ್ಲಿ ತಮಿಳರ ಫೆಡರಲ್ ಪಾರ್ಟಿ ನಾಯಕ ಚೆಲ್ವನಾಯಗಂ ಜೊತೆ ಕೂತು ಒಪ್ಪಂದ ಮಾಡ್ಕೊಂಡ್ರು: ಉತ್ತರ ಮತ್ತು ಪೂರ್ವಕ್ಕೆ ಪ್ರಾದೇಶಿಕ ಕೌನ್ಸಿಲ್, ಅಲ್ಲಿ ತಮಿಳಲ್ಲಿ ಆಡಳಿತ. ಅಷ್ಟು ಆಗಿದ್ದಿದ್ರೆ ಮುಂದಿನ ಎಷ್ಟೋ ರಕ್ತ ಉಳೀತಿತ್ತೇನೋ. ಯುಎನ್‌ಪಿಯ ಜೆ. ಆರ್. ಜಯವರ್ಧನೆ ಇದರ ವಿರುದ್ಧ ಕ್ಯಾಂಡಿಗೆ ಪಾದಯಾತ್ರೆ ಹೊರಟ್ರು. 1958ರ ಏಪ್ರಿಲಲ್ಲಿ ಭಿಕ್ಷುಗಳು ಪ್ರಧಾನಿ ಮನೆ ಮುಂದೆ ಬಂದು ಕೂತ್ರು, ಏಳಲ್ಲ ಅಂದ್ರು. ಬಂಡಾರನಾಯಕೆ ಅವರ ಮುಂದೆ ಒಪ್ಪಂದ ರದ್ದು ಅಂತ ಘೋಷಿಸಿದ್ರು. ಮುಂದಿನ ತಿಂಗಳೇ ದೇಶದಲ್ಲಿ ದೊಡ್ಡ ಗಲಭೆ, ನೂರಾರು ತಮಿಳರ ಜೀವ ಹೋಯ್ತು.

ಈಗ ಕೊಲೆ. 1959ರ ಸೆಪ್ಟೆಂಬರ್ 25, ಕೊಲಂಬೊದ ರೋಸ್‌ಮೀಡ್ ಪ್ಲೇಸಲ್ಲಿರೋ ಮನೆಯ ವರಾಂಡ, ಎಂದಿನ ಹಾಗೆ ಅಹವಾಲು ಹೇಳ್ಕೊಳ್ಳೋಕೆ ಜನ ಸೇರಿದ್ರು. ಅದರಲ್ಲಿ ತಲ್ದುವೆ ಸೋಮಾರಾಮ ಅನ್ನೋ ಭಿಕ್ಷು, ಕಣ್ಣಿನ ಆಯುರ್ವೇದ ವೈದ್ಯ. ಪ್ರಧಾನಿ ಭಿಕ್ಷುವಿಗೆ ಬಗ್ಗಿ ನಮಸ್ಕಾರ ಮಾಡಿದ್ರು, ಅವನು ಕಾವಿಯೊಳಗಿಂದ ರಿವಾಲ್ವರ್ ತೆಗೆದು ಗುಂಡು ಹಾರಿಸಿದ. ಮಾರನೇ ದಿನ ಪ್ರಾಣ ಹೋಯ್ತು. ಹಿಂದೆ ಇದ್ದಿದ್ದು ಕೆಲಣಿಯ ದೇವಸ್ಥಾನದ ಮುಖ್ಯ ಭಿಕ್ಷು ಬುದ್ಧರಕ್ಖಿತ, 1956ರಲ್ಲಿ ಇದೇ ಬಂಡಾರನಾಯಕೆಯನ್ನ ಗೆಲ್ಲಿಸಕ್ಕೆ ಹಗಲೂ ರಾತ್ರಿ ದುಡಿದಿದ್ದ ಮನುಷ್ಯ. ಭಾಷೆ ವಿಷಯಕ್ಕೆ ಕೊಂದ್ರು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಆದ್ರೆ ಕೇಸಲ್ಲಿ ಹೊರಗೆ ಬಂದಿದ್ದು ಶಿಪ್ಪಿಂಗ್ ಕಾಂಟ್ರಾಕ್ಟು, ಸಕ್ಕರೆ ಫ್ಯಾಕ್ಟರಿ ಇಂಥ ವ್ಯವಹಾರ ಕೈ ತಪ್ಪಿದ ಸಿಟ್ಟು. ಬಂಡಾರನಾಯಕೆ ಸರ್ಕಾರ ಮರಣದಂಡನೆಯನ್ನ ತಡೆಹಿಡಿದಿತ್ತು, ಅವರ ಕೊಲೆ ಆದ್ಮೇಲೆ ಅದನ್ನ ವಾಪಸ್ ತಂದ್ರು, 1962ರಲ್ಲಿ ಸೋಮಾರಾಮನನ್ನ ಗಲ್ಲಿಗೆ ಹಾಕಿದ್ರು, ಅದಕ್ಕೆ ಮುಂಚೆ ಅವನು ಜೈಲಲ್ಲಿ ಕ್ರಿಶ್ಚಿಯನ್ ಆಗಿದ್ದ.

ಪಾರ್ಟಿಗೆ ದಿಕ್ಕಿಲ್ಲ. ಸಿರಿಮಾವೋ ಅಲ್ಲಿ ತನಕ ಮನೆ, ಮೂರು ಮಕ್ಕಳು, ಹಳ್ಳಿ ಹೆಂಗಸರ ಸಂಘದ ಕೆಲಸ ಅಂತ ಇದ್ದೋರು, ಗಂಡನ ರಾಜಕೀಯ ಸ್ನೇಹಿತರಿಗೆ ಅವರು ಟೀ ಕೊಡೋ ಗೃಹಿಣಿಯಾಗಿ ಮಾತ್ರ ಗೊತ್ತಿದ್ರು. ಪಾರ್ಟಿ ಅವರನ್ನೇ ಮುಂದೆ ನಿಲ್ಲಿಸ್ತು. ಸಭೆಗಳಲ್ಲಿ ಗಂಡನ ಭಾಷಣದ ರೆಕಾರ್ಡ್ ಹಾಕಿ ಕೇಳಿಸೋರು, ವಿರೋಧಿಗಳು ‘ಅಳೋ ವಿಧವೆ’ ಅಂತ ಗೇಲಿ ಮಾಡಿದ್ರು. 1960ರ ಜುಲೈಯಲ್ಲಿ ಪಾರ್ಟಿ 75 ಸೀಟು ಗೆದ್ದು, ಅವರು ಒಂದು ಕ್ಷೇತ್ರದಲ್ಲೂ ನಿಲ್ಲದೇನೇ 21ನೇ ತಾರೀಕು ಪ್ರಧಾನಿ ಆದ್ರು, ಸೆನೆಟ್ ಮೂಲಕ ಸಂಸತ್ತಿನ ಒಳಗೆ ತಂದ್ರು. ನಮ್ಮ ಇಂದಿರಾ ಗಾಂಧಿ ಪ್ರಧಾನಿ ಆಗಿದ್ದು ಇದಾಗಿ ಐದೂವರೆ ವರ್ಷಕ್ಕೆ.

ಅಳೋ ವಿಧವೆ ಅಂದೋರು ಬೇಗನೇ ಸುಮ್ಮನಾದ್ರು. ಗಂಡ ಪಾಸ್ ಮಾಡಿ ಮೆತ್ತಗೆ ಇಟ್ಟಿದ್ದ ಭಾಷಾ ಕಾನೂನನ್ನ 1961ರ ಜನವರಿಯಿಂದ ಪೂರ್ತಿ ಜಾರಿಗೆ ತಂದಿದ್ದು ಸಿರಿಮಾವೋ, ಉತ್ತರದಲ್ಲಿ ಸತ್ಯಾಗ್ರಹ ಶುರುವಾದಾಗ ಎಮರ್ಜೆನ್ಸಿ ಹಾಕಿ ಸೈನ್ಯ ಕಳಿಸಿದ್ರು. ಮಿಷನರಿ ಸ್ಕೂಲುಗಳನ್ನ ಸರ್ಕಾರ ತಗೊಂಡಿತು, ವಿದೇಶಿ ಆಯಿಲ್ ಕಂಪನಿಗಳ ಆಸ್ತಿಗೂ ಕೈ ಹಾಕಿತು, ಅದಕ್ಕೆ ಅಮೆರಿಕ ನೆರವು ನಿಲ್ಲಿಸ್ತು. 1962ರಲ್ಲಿ ಸೈನ್ಯ ಮತ್ತು ಪೊಲೀಸಿನ ದೊಡ್ಡ ಅಧಿಕಾರಿಗಳು ಕ್ಷಿಪ್ರಕ್ರಾಂತಿಗೆ ಸ್ಕೆಚ್ ಹಾಕಿ ಸಿಕ್ಕಿಬಿದ್ರು.

ಕರ್ನಾಟಕಕ್ಕೂ ಈ ಹೆಂಗಸಿಗೂ ಒಂದು ನೇರ ಸಂಬಂಧ ಇದೆ, ಅದು ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಲಂಕಾದ ಟೀ ಎಸ್ಟೇಟುಗಳಲ್ಲಿ ದುಡಿಯಕ್ಕೆ ಬ್ರಿಟಿಷರು ತಮಿಳುನಾಡಿಂದ ಲಕ್ಷಾಂತರ ಜನರನ್ನ ಕರ್ಕೊಂಡು ಹೋಗಿದ್ರು, ಇವರು ಜಾಫ್ನಾ ತಮಿಳರಲ್ಲ, ಬೇರೆ. ಸ್ವಾತಂತ್ರ್ಯ ಬಂದ ತಕ್ಷಣ ಸೇನಾನಾಯಕೆ ಸರ್ಕಾರ ಕಾನೂನು ತಂದು ಇವರಲ್ಲಿ ಹೆಚ್ಚಿನವರಿಗೆ ಪೌರತ್ವ, ವೋಟು ಎರಡೂ ಇಲ್ಲದ ಹಾಗೆ ಮಾಡಿತ್ತು. 1964ರಲ್ಲಿ ಸಿರಿಮಾವೋ ಮತ್ತು ಲಾಲ್ ಬಹಾದೂರ್ ಶಾಸ್ತ್ರಿ ಕೂತು ಈ ಜನರನ್ನ ಹಂಚ್ಕೊಂಡ್ರು: 5,25,000 ಜನ ಭಾರತಕ್ಕೆ, 3,00,000 ಜನಕ್ಕೆ ಲಂಕಾ ಪೌರತ್ವ, ಮಿಕ್ಕ 1,50,000 ಆಮೇಲೆ ನೋಡೋಣ. 1974ರಲ್ಲಿ ಆ ಮಿಕ್ಕೋರನ್ನೂ ಅರ್ಧರ್ಧ ಮಾಡಿದ್ರು. ಆ ಜನರನ್ನ ಯಾರೂ ಕೇಳಲಿಲ್ಲ ಅನ್ನೋದು ಬೇರೆ ಮಾತು. ಹಂಗೆ ಬಂದೋರಲ್ಲಿ ಒಂದಷ್ಟು ಕುಟುಂಬಗಳಿಗೆ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ರು. ಸುಳ್ಯ ಕಡೆ ಹೋದ್ರೆ ಇವತ್ತಿಗೂ ರಬ್ಬರ್ ಹಾಲು ತೆಗೆಯೋ ತಮಿಳು ಕುಟುಂಬಗಳ ಕಾಲೊನಿ ಸಿಗುತ್ತೆ, ಆ ಕಾಲೊನಿ ಅಲ್ಲಿರೋದಕ್ಕೆ ಕಾರಣ ಕೊಲಂಬೊ ಮತ್ತು ದೆಹಲಿ ನಡುವಿನ ಈ ಕಾಗದ.

1965ರಲ್ಲಿ ಸೋತು, 1970ರಲ್ಲಿ ಎಡಪಕ್ಷಗಳ ಜೊತೆ ಸೇರಿ ಭರ್ಜರಿಯಾಗಿ ಗೆದ್ದು ವಾಪಸ್ ಬಂದ್ರು. ಅದೇ ಚುನಾವಣೆಯಲ್ಲಿ ಎಸ್‌ಎಲ್‌ಎಫ್‌ಪಿ ಟಿಕೆಟಲ್ಲಿ 24 ವರ್ಷದ ಮಹಿಂದ ರಾಜಪಕ್ಸ ಮೊದಲ ಸಲ ಸಂಸತ್ತಿಗೆ ಬಂದಿದ್ದು. ಒಂದು ವರ್ಷ ಕಳೆಯೋಕೆ ಮುಂಚೆ, 1971ರ ಏಪ್ರಿಲಲ್ಲಿ, ಜೆವಿಪಿ ಅನ್ನೋ ಎಡಪಂಥದ ಸಂಘಟನೆಯ ಸಾವಿರಾರು ಹುಡುಗರು ಒಂದೇ ರಾತ್ರಿ ಪೊಲೀಸ್ ಸ್ಟೇಷನ್‌ಗಳ ಮೇಲೆ ಬಿದ್ರು. ಇವರು ತಮಿಳರಲ್ಲ, ಸಿಂಹಳ ಹಳ್ಳಿ ಹುಡುಗರು, 1956ರ ಮಕ್ಕಳು ಅನ್ನಬಹುದು. ನಿಮ್ಮ ಭಾಷೆಯಲ್ಲಿ ಓದಿ ಕೆಲಸ ಸಿಗುತ್ತೆ ಅಂದಿದ್ರು, ಓದಿದ್ರು, ಕೆಲಸ ಇರಲಿಲ್ಲ. ಇಂಗ್ಲಿಷ್ ತೆಗೆದ ಮಾತ್ರಕ್ಕೆ ಕೆಲಸ ಹುಟ್ಟಲ್ಲ ಅಲ್ವಾ. ಸಿರಿಮಾವೋ ಭಾರತದ ನೆರವೂ ತಗೊಂಡು ಆ ದಂಗೆಯನ್ನ ತುಳಿದು ಹಾಕಿದ್ರು, ಸಾವಿರಾರು ಯುವಕರು ಸತ್ರು. ಹಳ್ಳಿ ಹುಡುಗರ ಸಿಟ್ಟು ತಣಿಸಕ್ಕೆ ಆಮೇಲೆ ಭೂ ಸುಧಾರಣೆ ಬಂತು, ಒಬ್ಬರಿಗೆ 50 ಎಕರೆ ಮಿತಿ ಅಂತಾಯ್ತು, ಬಂಡಾರನಾಯಕೆ ಮನೆತನದ ಜಮೀನೂ ಹೋಯ್ತು. ಯುನಿವರ್ಸಿಟಿ ಸೀಟಿಗೆ ತಮಿಳು ಮೀಡಿಯಂ ಹುಡುಗರು ಹೆಚ್ಚು ಮಾರ್ಕ್ ತೆಗೀಬೇಕು ಅನ್ನೋ ಪದ್ಧತಿ ಬಂತು. 1972ರ ಹೊಸ ಸಂವಿಧಾನದಲ್ಲಿ ದೇಶದ ಹೆಸರು ಶ್ರೀಲಂಕಾ ಆಯ್ತು, ಬೌದ್ಧ ಧರ್ಮಕ್ಕೆ ಅಗ್ರಸ್ಥಾನ, ಸಿಂಹಳ ಒಂದೇ ಅನ್ನೋದು ಸಂವಿಧಾನದೊಳಗೇ ಕೂತಿತು. ಒಂದು ಕಡೆ ಸಿಂಹಳ ಯುವಕರನ್ನ ಸಮಾಧಾನ ಮಾಡಕ್ಕೆ ಇನ್ನೊಂದು ಕಡೆ ಜಾಫ್ನಾ ಯುವಕರನ್ನ ಕಳ್ಕೊಂಡ್ರು, ಎಲ್‌ಟಿಟಿಇ ಅಂದ್ರೆ ತಮಿಳು ಹುಲಿಗಳ ನಾಯಕ ಪ್ರಭಾಕರನ್ ಅವರ ತಲೆಮಾರು ಬಂದೂಕು ಹಿಡಿದಿದ್ದು ಇದೇ ಕಾಲದಲ್ಲಿ. 1976ರಲ್ಲಿ ತಮಿಳು ಪಕ್ಷಗಳು ವಡ್ಡುಕೋಟೈಯಲ್ಲಿ ಸೇರಿ ಪ್ರತ್ಯೇಕ ದೇಶವೇ ಬೇಕು ಅಂದ್ವು.

ಅಕ್ಕಿ ಬ್ರೆಡ್ಡಿಗೆಲ್ಲ ಕ್ಯೂ ನಿಂತು ಸಾಕಾಗಿದ್ದ ಜನ 1977ರಲ್ಲಿ ಎಸ್‌ಎಲ್‌ಎಫ್‌ಪಿಗೆ 168ರಲ್ಲಿ ಕೊಟ್ಟಿದ್ದು 8 ಸೀಟು. ಗೆದ್ದ ಜಯವರ್ಧನೆ ಸರ್ವಾಧಿಕಾರ ಇರೋ ಪ್ರೆಸಿಡೆಂಟ್ ಹುದ್ದೆ ಸೃಷ್ಟಿ ಮಾಡಿ ತಾವೇ ಕೂತ್ರು, 1980ರಲ್ಲಿ ಅಧಿಕಾರ ದುರುಪಯೋಗ ಅಂತ ಸಿರಿಮಾವೋ ಅವರ ಪೌರಹಕ್ಕನ್ನೇ ಏಳು ವರ್ಷಕ್ಕೆ ಕಿತ್ಕೊಂಡ್ರು, ಹಾಗಾಗಿ 1982ರಲ್ಲಿ ಎದುರಿಗೆ ನಿಲ್ಲಬಹುದಾದ ದೊಡ್ಡ ಹೆಸರೇ ಇಲ್ಲ. 1983ರ ಜುಲೈ ಗಲಭೆ, ಯುದ್ಧ, ನಮ್ಮ ಶಾಂತಿಪಾಲನಾ ಸೈನ್ಯ ಹೋಗಿದ್ದು, ಇದೆಲ್ಲ ಯುಎನ್‌ಪಿ ಕಾಲದ್ದು. ಆದ್ರೆ ಒಂದು ವಿಚಿತ್ರ ನೋಡಿ, 1987ರಲ್ಲಿ ರಾಜೀವ್ ಗಾಂಧಿ ಒತ್ತಡಕ್ಕೆ ಸಂವಿಧಾನ ತಿದ್ದಿ ತಮಿಳನ್ನೂ ಅಧಿಕೃತ ಭಾಷೆ ಮಾಡಿ, ಪ್ರಾಂತೀಯ ಕೌನ್ಸಿಲ್ ತಂದಿದ್ದು ಇದೇ ಜಯವರ್ಧನೆ, ಮೂವತ್ತು ವರ್ಷದ ಹಿಂದೆ ಅಷ್ಟೂ ಇರದ ಒಪ್ಪಂದದ ವಿರುದ್ಧ ಕ್ಯಾಂಡಿಗೆ ಪಾದಯಾತ್ರೆ ಹೊರಟಿದ್ದೋರು.

ಮನೆಯೊಳಗೆ ಅಷ್ಟೊತ್ತಿಗೆ ವಾರಸುದಾರಿಕೆ ಜಗಳ. ಮಗ ಅನುರ ಪಾರ್ಟಿ ತನ್ನದು ಅಂದ್ಕೊಂಡಿದ್ರು. ಪ್ಯಾರಿಸಲ್ಲಿ ಓದಿ ಬಂದ ಎರಡನೇ ಮಗಳು ಚಂದ್ರಿಕಾ ಸಿನಿಮಾ ಹೀರೋ ವಿಜಯ ಕುಮಾರತುಂಗ ಅವರನ್ನ ಮದ್ವೆ ಆಗಿ, 1984ರಲ್ಲಿ ಗಂಡನ ಜೊತೆ ಅಮ್ಮನ ಪಾರ್ಟಿ ಬಿಟ್ಟು ಬೇರೆ ಪಾರ್ಟಿ ಕಟ್ಟಿದ್ರು. ತಮಿಳರಿಗೂ ನ್ಯಾಯ ಸಿಗಬೇಕು ಅಂತ ಧೈರ್ಯವಾಗಿ ಹೇಳಿದ ಕೆಲವೇ ಸಿಂಹಳ ನಾಯಕರಲ್ಲಿ ವಿಜಯ ಒಬ್ಬರು. 1988ರ ಫೆಬ್ರವರಿಯಲ್ಲಿ ಮನೆ ಮುಂದೆನೇ ಅವರನ್ನ ಗುಂಡಿಟ್ಟು ಕೊಂದ್ರು, ಬೆರಳು ಹೋಗಿದ್ದು ಜೆವಿಪಿಯ ಸಶಸ್ತ್ರ ಗುಂಪಿನ ಕಡೆ. ಅಪ್ಪನೂ ಗುಂಡಿಗೆ, ಗಂಡನೂ ಗುಂಡಿಗೆ. ಚಂದ್ರಿಕಾ ಕೆಲವು ವರ್ಷ ದೇಶ ಬಿಟ್ಟಿದ್ದು ವಾಪಸ್ ಬಂದಾಗ ಅಮ್ಮ ಪಾರ್ಟಿಯನ್ನ ಮಗಳ ಕಡೆ ವಾಲಿಸಿದ್ರು, ಅನುರ ಮುನಿಸ್ಕೊಂಡು 1993ರಲ್ಲಿ ಸೀದಾ ಯುಎನ್‌ಪಿಗೆ ಹೋಗಿ ಮಂತ್ರಿಯಾದ್ರು, ಅಪ್ಪ ಬಿಟ್ಟು ಬಂದ ಪಾರ್ಟಿಗೇ!

1994ರ ಆಗಸ್ಟಲ್ಲಿ ಚಂದ್ರಿಕಾ ಪ್ರಧಾನಿ, ನವೆಂಬರಲ್ಲಿ ಶೇ. 62ಕ್ಕಿಂತ ಹೆಚ್ಚು ವೋಟು ತಗೊಂಡು ಪ್ರೆಸಿಡೆಂಟ್. ಖಾಲಿಯಾದ ಪ್ರಧಾನಿ ಕುರ್ಚಿಗೆ ಅಮ್ಮ ಸಿರಿಮಾವೋ, ಮೂರನೇ ಸಲ. ಆ ಪ್ರೆಸಿಡೆಂಟ್ ಚುನಾವಣೆಯಲ್ಲಿ ಎದುರಾಳಿ ಆಗಬೇಕಿದ್ದ ಗಾಮಿನಿ ದಿಸ್ಸಾನಾಯಕೆ ಪ್ರಚಾರದ ಮಧ್ಯೆ ಬಾಂಬಿಗೆ ಬಲಿಯಾದ್ರು, ಯುಎನ್‌ಪಿ ಅವರ ಹೆಂಡತಿಯನ್ನ ನಿಲ್ಲಿಸ್ತು. ಅಂದ್ರೆ ಇಬ್ಬರು ವಿಧವೆಯರ ಸ್ಪರ್ಧೆ. ದಕ್ಷಿಣ ಏಷ್ಯಾದಲ್ಲಿ ಹೆಂಗಸರು ಬೇಗ ಮೇಲೆ ಬಂದ್ರು ಅಂತ ನಾವು ಹೆಮ್ಮೆಪಡ್ತೀವಲ್ಲ, ಆ ದಾರಿ ಎಷ್ಟು ಸಲ ಗಂಡಸರ ಹೆಣದ ಪಕ್ಕದಲ್ಲೇ ಹಾದು ಬಂದಿದೆ ಅನ್ನೋದನ್ನೂ ನೋಡ್ಬೇಕು.

ಚಂದ್ರಿಕಾ ಮಾತು ಕೊಟ್ಟಿದ್ದು ಶಾಂತಿ. 1995ರ ಜನವರಿಯಲ್ಲಿ ಎಲ್‌ಟಿಟಿಇ ಜೊತೆ ಕದನವಿರಾಮ, ಏಪ್ರಿಲಲ್ಲಿ ಹುಲಿಗಳು ಟ್ರಿಂಕೊಮಲೀಯಲ್ಲಿ ನೌಕಾಪಡೆಯ ಹಡಗು ಸ್ಫೋಟಿಸಿ ಅದನ್ನ ಮುರಿದ್ರು. ಆಮೇಲೆ ಆಕೆ ಎರಡು ಕೈಯಲ್ಲಿ ಎರಡು ಕೆಲಸ ಮಾಡಿದ್ರು: ಒಂದು ಕೈಯಲ್ಲಿ ಯುದ್ಧ, ವರ್ಷದ ಕೊನೆಗೆ ಸೈನ್ಯ ಜಾಫ್ನಾ ಹಿಡೀತು, ಲಕ್ಷಾಂತರ ತಮಿಳರು ಮನೆ ಬಿಟ್ಟು ಹೋದ್ರು. ಇನ್ನೊಂದು ಕೈಯಲ್ಲಿ ಅಧಿಕಾರ ಹಂಚೋ ಪ್ಯಾಕೇಜು. ಒಬ್ಬ ಸಿಂಹಳ ನಾಯಕಿ ತಾನೇ ಮುಂದೆ ಬಂದು, ದೇಶ ಅಂದ್ರೆ ಪ್ರಾಂತ್ಯಗಳ ಒಕ್ಕೂಟ ಅಂತ ಬರೆದು ಮುಂದಿಟ್ಟಿದ್ದು ಚಿಕ್ಕ ವಿಷಯ ಅಲ್ಲ, ಅದರಲ್ಲೂ 1956ರ ಮನುಷ್ಯನ ಮಗಳು. ಆ ಕರಡು ಬರೆಯಕ್ಕೆ ನೆರವಾದ ತಮಿಳು ಕಾನೂನು ಪಂಡಿತ ನೀಲನ್ ತಿರುಚೆಲ್ವಂ ಅವರನ್ನ 1999ರ ಜುಲೈಯಲ್ಲಿ ಆತ್ಮಾಹುತಿ ಬಾಂಬರ್ ಕೊಂದ. ಡಿಸೆಂಬರ್ 18ಕ್ಕೆ ಕೊಲಂಬೊ ಟೌನ್‌ಹಾಲ್ ಹತ್ರ ಚಂದ್ರಿಕಾ ಮೇಲೇ ಬಾಂಬು, ಬಲಗಣ್ಣಿನ ದೃಷ್ಟಿ ಹೋಯ್ತು, ಮೂರು ದಿನಕ್ಕೆ ಚುನಾವಣೆ, ಗೆದ್ರು.

2000ದ ಆಗಸ್ಟಲ್ಲಿ ಹೊಸ ಸಂವಿಧಾನದ ಕರಡು ಪಾರ್ಲಿಮೆಂಟಿಗೆ ಬಂತು. ಮೂರನೇ ಎರಡು ಬಹುಮತ ಬೇಕು, ಅದಕ್ಕೆ ಯುಎನ್‌ಪಿ ಬೇಕು. ಯುಎನ್‌ಪಿ ಎಂಪಿಗಳು ಸಭೆಯೊಳಗೇ ಕರಡಿನ ಪ್ರತಿಗಳಿಗೆ ಬೆಂಕಿ ಹಚ್ಚಿದ್ರು, ಹೊರಗೆ ಭಿಕ್ಷುಗಳ ಪ್ರತಿಭಟನೆ, ಹುಲಿಗಳಿಗೂ ಅದು ಬೇಡವಾಗಿತ್ತು. ಬಿಲ್ ಅಲ್ಲೇ ಸತ್ತಿತು. 1958ರಲ್ಲಿ ಅಪ್ಪನ ಮನೆ ಮುಂದೆ ಕೂತಿದ್ದ ಅದೇ ಶಕ್ತಿಗಳು ಅಂತ ಹೇಳೋದು ಸುಲಭ, ಆದ್ರೆ ಆಕೆಯ ತಪ್ಪೂ ಇದೆ, ಪ್ರೆಸಿಡೆಂಟ್ ಹುದ್ದೆಯ ಸರ್ವಾಧಿಕಾರ ತೆಗೆದು ಹಾಕ್ತೀನಿ ಅಂತ ಹೇಳಿ ಗೆದ್ದು ಹನ್ನೊಂದು ವರ್ಷ ಅದರಲ್ಲೇ ಕೂತ್ರು, ವಿರೋಧ ಪಕ್ಷ ನಂಬೋದಾದ್ರೂ ಹೇಗೆ. ಅದೇ ಆಗಸ್ಟಲ್ಲಿ ಸಿರಿಮಾವೋ ಪ್ರಧಾನಿ ಹುದ್ದೆ ಬಿಟ್ರು, ಅಕ್ಟೋಬರ್ 10, ಚುನಾವಣೆ ದಿನ, ವೋಟು ಹಾಕಿ ವಾಪಸ್ ಹೋಗ್ತಾ ತೀರ್ಕೊಂಡ್ರು. 2004ರಲ್ಲಿ ಚಂದ್ರಿಕಾ 1983ರ ಗಲಭೆಗೆ ಸರ್ಕಾರದ ಪರವಾಗಿ ತಮಿಳರ ಕ್ಷಮೆ ಕೇಳಿದ್ರು.

2005ರಲ್ಲಿ ಅವಧಿ ಮುಗೀತು, ಪಾರ್ಟಿಗೆ ವಾಪಸ್ ಬಂದಿದ್ದ ಅನುರ ಕಾಯ್ತಾ ಇದ್ರು, ಟಿಕೆಟ್ ಸಿಕ್ಕಿದ್ದು ಡಿ. ಎ. ರಾಜಪಕ್ಸ ಮಗನಿಗೆ. ಮಹಿಂದ ಗೆದ್ದು, ಅನುರ ಅವರಿಗೆ ಪ್ರಧಾನಿ ಹುದ್ದೆಯನ್ನೂ ಕೊಡಲಿಲ್ಲ. ಅನುರ 2008ರಲ್ಲಿ ತೀರ್ಕೊಂಡ್ರು, ಚಂದ್ರಿಕಾ ಮಕ್ಕಳು ರಾಜಕೀಯಕ್ಕೆ ಬರಲಿಲ್ಲ. ಅರ್ಧ ಶತಮಾನ ಜೊತೆಗಿದ್ದ ರಾಜಪಕ್ಸ ಮನೆತನ ಪಾರ್ಟಿಯನ್ನ ತನ್ನ ಮನೆಗೆ ತಗೊಂಡು ಹೋಯ್ತು. 2015ರಲ್ಲಿ ಮಹಿಂದ ಅವರನ್ನ ಸೋಲಿಸಕ್ಕೆ ಎಸ್‌ಎಲ್‌ಎಫ್‌ಪಿಯ ಜನರಲ್ ಸೆಕ್ರೆಟರಿ ಸಿರಿಸೇನರನ್ನೇ ಎಬ್ಬಿಸಿ ಎದುರು ನಿಲ್ಲಿಸೋದ್ರಲ್ಲಿ ಚಂದ್ರಿಕಾ ಕೈ ದೊಡ್ಡದಿತ್ತು. ಆಮೇಲೆ ರಾಜಪಕ್ಸರು ಬೇರೆ ಪಾರ್ಟಿ ಮಾಡ್ಕೊಂಡ್ರು, ಬಂಡಾರನಾಯಕೆ ಕಟ್ಟಿದ ಪಾರ್ಟಿ ಈಗ ಹೆಸರಿಗಷ್ಟೇ ಇದೆ.

2024ರಲ್ಲಿ ಪ್ರೆಸಿಡೆಂಟ್ ಆದ ಅನುರ ಕುಮಾರ ದಿಸ್ಸಾನಾಯಕೆ ಜೆವಿಪಿ ನಾಯಕ, 1971ರಲ್ಲಿ ಸಿರಿಮಾವೋ ತುಳಿದು ಹಾಕಿದ ಅದೇ ಜೆವಿಪಿ. ಅವರು ಮೊದಲ ಸಲ ಮಂತ್ರಿಯಾಗಿದ್ದು 2004ರಲ್ಲಿ, ಕೃಷಿ ಖಾತೆ, ಚಂದ್ರಿಕಾ ಸರ್ಕಾರದಲ್ಲಿ. ಅವರು ಪ್ರಧಾನಿ ಮಾಡಿದ ಹರಿಣಿ ಅಮರಸೂರ್ಯ ಆ ದೇಶದ ಮೂರನೇ ಮಹಿಳಾ ಪ್ರಧಾನಿ, ಮೊದಲಿಬ್ಬರು ಅಮ್ಮ ಮಗಳು, ಈಕೆಗೆ ಮಾತ್ರ ಯಾವ ಮನೆತನವೂ ಇಲ್ಲ. ಸಂಸತ್ತಿನ 225ರಲ್ಲಿ 159 ಸೀಟು ಇವರ ಕೂಟದ್ದು, ಅಂದ್ರೆ ಚಂದ್ರಿಕಾಗೆ ಸಿಗದೇ ಹೋದ ಮೂರನೇ ಎರಡು ಬಹುಮತ ಇವರ ಕೈಯಲ್ಲಿತ್ತು. ಅವರು ಅಧಿಕಾರಕ್ಕೆ ಬರೋ ಹೊತ್ತಿಗೆ ಉತ್ತರದ ತಮಿಳರು ತಮ್ಮ ಪ್ರಾಂತೀಯ ಕೌನ್ಸಿಲ್‌ಗೆ ವೋಟು ಹಾಕಿ ಹನ್ನೊಂದು ವರ್ಷ ಆಗಿತ್ತು, ಅದರ ಅವಧಿ ಮುಗಿದ ಮೇಲೆ ಕೊಲಂಬೊ ಕಳಿಸಿದ ಗವರ್ನರೇ ಅಲ್ಲಿ ಆಡಳಿತ ನಡೆಸ್ತಿದ್ರು.